ಹಂಗಾಮಿನ ವೈಮಾನಿಕ: ಕೃಷಿ ಹೆಲಿಕಾಪ್ಟರಿನ ಚರಿತ್ರೆಯಿಂದ ಒಂದು ಅಧ್ಯಾಯ

೧

ವಿಮಾನಯಾನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಮೂರು ಬಗೆಯ ವೈಮಾನಿಕರಿಗೆ ಸ್ಥಾನ ಕೊಟ್ಟಿದ್ದಾರೆ: ಸಾಗರಗಳನ್ನು ದಾಟಿದ ಸಾಹಸಿ, ಯುದ್ಧದಲ್ಲಿ ಹೋರಾಡಿದ ಯೋಧ, ಪ್ರಯಾಣಿಕರನ್ನು ಊರಿಂದೂರಿಗೆ ಒಯ್ಯುವ ನೌಕರ. ಇವರಲ್ಲದೆ ನಾಲ್ಕನೆಯವನೊಬ್ಬನಿದ್ದಾನೆ. ಅವನು ಬೆಳೆಯ ಮೇಲೆ ಹಾರುತ್ತಾನೆ. ಮರದ ತುದಿಗಿಂತ ಹೆಚ್ಚು ಮೇಲಕ್ಕೆ ಏರುವುದಿಲ್ಲ. ಒಂದು ಹಂಗಾಮು ಮುಗಿದೊಡನೆ ತನ್ನ ಯಂತ್ರದೊಂದಿಗೆ ಬೇರೊಂದು ಸೀಮೆಗೆ ಹೊರಟುಹೋಗುತ್ತಾನೆ. ಕೃಷಿಯ ಚರಿತ್ರೆಯನ್ನು ಬರೆದವರೂ ಇವನನ್ನು ಕುರಿತು ಹೆಚ್ಚು ಹೇಳಿಲ್ಲ. ಅವರ ದೃಷ್ಟಿಗೆ ಅವನು ಯಂತ್ರದ ಒಂದು ಭಾಗ. ವಿಮಾನಯಾನದ ಚರಿತ್ರಕಾರರ ದೃಷ್ಟಿಗೆ ಅವನು ಹೊಲಗೆಲಸದವನು. ಹೀಗೆ ಎರಡು ಚರಿತ್ರೆಗಳ ನಡುವೆ ಬಿದ್ದುಹೋದ ಈ ವ್ಯಕ್ತಿಯನ್ನು ಕುರಿತು ಈ ಲೇಖನದಲ್ಲಿ ಸ್ವಲ್ಪ ವಿಚಾರ ಮಾಡಲು ನಾವು ಉದ್ದೇಶಿಸಿದ್ದೇವೆ.

ನಮ್ಮ ಬಯಲುಸೀಮೆಯಲ್ಲಿ, ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಕೂಲಿಯನ್ನರಸಿ ಸಂಸಾರಸಮೇತ ಬೇರೆ ಕಡೆಗೆ ಹೋಗುವುದನ್ನು ‘ಗುಳೆ ಹೋಗುವುದು’ ಎನ್ನುತ್ತಾರೆ. ಗುಳೆ ಹೋಗುವವನಿಗೂ ಅವನು ದುಡಿಯುವ ನೆಲಕ್ಕೂ ಇರುವ ಸಂಬಂಧ ವಿಚಿತ್ರವಾದುದು. ಆ ನೆಲದ ಬೆಳೆ ಅವನ ಕೈಯಿಂದಲೇ ಒಕ್ಕಣೆಯಾಗುತ್ತದೆ. ಆದರೆ ಅದರ ಮುಂದಿನ ವರ್ಷದ ಚಿಂತೆ ಅವನದಲ್ಲ. ಕೃಷಿ ಹೆಲಿಕಾಪ್ಟರಿನ ವೈಮಾನಿಕನನ್ನು ಯಂತ್ರಯುಗದ ಗುಳೆಯವನೆಂದು ತಿಳಿದು ನೋಡಿದರೆ, ಅವನ ಉದ್ಯೋಗದ ಲಾಭ, ಅಪಾಯ, ಹೊಣೆಗಾರಿಕೆ ಈ ಮೂರೂ ಹೊಸ ಬೆಳಕಿನಲ್ಲಿ ಕಾಣುತ್ತವೆ ಎಂಬುದೇ ನಮ್ಮ ಪ್ರತಿಪಾದನೆ.

೨

ಹೆಲಿಕಾಪ್ಟರು ಹೊಲಕ್ಕೆ ಬರುವುದಕ್ಕೆ ಮುಂಚೆ ವಿಮಾನ ಬಂದಿತ್ತು. ೧೯೨೧ನೆಯ ಇಸವಿ ಆಗಸ್ಟ್ ೩ರಂದು ಅಮೆರಿಕದ ಒಹಾಯೊ ಸಂಸ್ಥಾನದ ಟ್ರಾಯ್ ಎಂಬ ಊರಿನ ಬಳಿ, ಜಾನ್ ಮ್ಯಾಕ್ರೆಡಿ ಎಂಬ ಸೈನ್ಯದ ವೈಮಾನಿಕನು ಕಂಬಳಿಹುಳು ಹತ್ತಿದ್ದ ಕ್ಯಾಟಲ್ಪ ಮರಗಳ ತೋಪಿನ ಮೇಲೆ ವಿಮಾನದಿಂದ ಸೀಸದ ಆರ್ಸನೇಟಿನ ಪುಡಿಯನ್ನು ಉದುರಿಸಿದನು. ಪ್ರಯೋಗ ಸಫಲವಾಯಿತು. ಮರುವರ್ಷವೇ ಲೂಯಿಸಿಯಾನದ ಹತ್ತಿಯ ಹೊಲಗಳಲ್ಲಿ ಕಾಯಿಕೊರಕ ಮೂತಿಹುಳುವಿನ ಮೇಲೆ ಇದೇ ಬಗೆಯ ಪ್ರಯೋಗಗಳು ನಡೆದವು. ೧೯೨೪ರಲ್ಲಿ ಇದನ್ನೇ ವ್ಯಾಪಾರವಾಗಿ ನಡೆಸಲು ‘ಹಫ್ ಡಾಲಂಡ್ ಡಸ್ಟರ್ಸ್’ ಎಂಬ ಸಂಸ್ಥೆ ಹುಟ್ಟಿತು.

ಈ ಸಂಸ್ಥೆ ಮೊದಲಿನಲ್ಲಿಯೇ ಎದುರಿಸಿದ ಸಮಸ್ಯೆ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಹುಳು ವರ್ಷದಲ್ಲಿ ಕೆಲವು ವಾರ ಮಾತ್ರ ಇರುತ್ತದೆ. ವಿಮಾನದ ಸಾಲಕ್ಕೆ ಬಡ್ಡಿ ವರ್ಷವೆಲ್ಲ ಬೆಳೆಯುತ್ತದೆ. ಇದಕ್ಕೆ ಆ ಸಂಸ್ಥೆಯವರು ಕಂಡುಕೊಂಡ ಪರಿಹಾರವೆಂದರೆ ಭೂಮಧ್ಯರೇಖೆಯನ್ನು ದಾಟುವುದು. ಉತ್ತರದಲ್ಲಿ ಚಳಿಗಾಲವಾದಾಗ ದಕ್ಷಿಣದಲ್ಲಿ ಬೇಸಗೆ. ಆದುದರಿಂದ ೧೯೨೦ರ ದಶಕದ ಉತ್ತರಾರ್ಧದಲ್ಲಿ ಅವರು ತಮ್ಮ ವಿಮಾನಗಳನ್ನು ಪೆರು ದೇಶದ ಹತ್ತಿಯ ಹೊಲಗಳಿಗೆ ಸಾಗಿಸಿ, ಎರಡು ಗೋಲಾರ್ಧಗಳ ಎರಡು ಹಂಗಾಮುಗಳನ್ನು ಒಂದೇ ವರ್ಷದಲ್ಲಿ ದುಡಿದರು. ೧೯೨೮ರಲ್ಲಿ ಈ ಉದ್ಯಮ ಕೈಬದಲಾಗಿ ‘ಡೆಲ್ಟ’ ಎಂಬ ಹೆಸರನ್ನು ತಾಳಿತು. ಮುಂದೆ ಪ್ರಪಂಚದ ದೊಡ್ಡ ಪ್ರಯಾಣಿಕ ವಿಮಾನ ಸಂಸ್ಥೆಗಳಲ್ಲಿ ಒಂದಾದುದು ಇದೇ. ಹೊಲದ ಮೇಲೆ ಹುಟ್ಟಿದ ಸಂಸ್ಥೆ ಹೊಲದ ಹೊರಗೆ ಬೆಳೆಯಿತೆಂಬ ಅಂಶವನ್ನು ವಾಚಕರು ಗಮನದಲ್ಲಿಡಬೇಕು. ಈ ಕ್ರಮ ಮತ್ತೊಮ್ಮೆ ಮರುಕಳಿಸುವುದನ್ನು ಮುಂದೆ ಕಾಣುತ್ತೇವೆ.

೩

ಆರ್ಥರ್ ಯಂಗ್ ರೂಪಿಸಿದ ‘ಬೆಲ್ ೪೭’ ಎಂಬ ಹೆಲಿಕಾಪ್ಟರಿಗೆ ೧೯೪೬ನೆಯ ಮಾರ್ಚ್ ೮ರಂದು ಅಮೆರಿಕದ ಸರ್ಕಾರ ನಾಗರಿಕ ಬಳಕೆಯ ಪ್ರಮಾಣಪತ್ರವನ್ನು ಕೊಟ್ಟಿತು. ಹೆಲಿಕಾಪ್ಟರೊಂದಕ್ಕೆ ಅಂಥ ಪತ್ರ ದೊರೆತುದು ಅದೇ ಮೊದಲು. ಯುದ್ಧ ಆಗತಾನೇ ಮುಗಿದಿತ್ತು. ಮನೆಯಂಗಳದಿಂದಲೇ ಹಾರಿ ಕಚೇರಿಯ ಮಾಳಿಗೆಯ ಮೇಲೆ ಇಳಿಯುವ ಕಾಲ ಬಂದಿತೆಂದು ಪತ್ರಿಕೆಗಳು ಬರೆಯುತ್ತಿದ್ದವು. ಆ ಕಾಲ ಬರಲಿಲ್ಲ. ಯಂತ್ರದ ಬೆಲೆ ಸಾಮಾನ್ಯ ಗೃಹಸ್ಥನಿಗೆ ನಿಲುಕುವಂತಿರಲಿಲ್ಲ; ಅದನ್ನು ನಡೆಸುವ ವಿದ್ಯೆಯೂ ಸುಲಭವಾದುದಲ್ಲ. ಹೀಗಿರಲು, ಕೊಂಡವರು ಅದಕ್ಕೆ ಎಲ್ಲಿ ಕೆಲಸ ಹುಡುಕಬೇಕು? ಮೊದಲು ದೊರೆತ ಉತ್ತರಗಳಲ್ಲಿ ತೋಟ ಒಂದು. ಆ ವೇಳೆಗೆ ಡಿ.ಡಿ.ಟಿ. ಮುಂತಾದ ಹೊಸ ಕೀಟನಾಶಕಗಳು ಸಾರ್ವಜನಿಕರ ಕೈಗೆ ಬಂದಿದ್ದವು. ಸಿಂಪಡಿಸುವ ಔಷಧವೂ ಸಿಂಪಡಿಸುವ ಯಂತ್ರವೂ ಒಂದೇ ಕಾಲದಲ್ಲಿ ಪೇಟೆಗೆ ಬಂದುದು ಈ ಉದ್ಯೋಗದ ಹುಟ್ಟಿಗೆ ಕಾರಣವಾಯಿತು.

ಇದಕ್ಕೆ ಒಳ್ಳೆಯ ನಿದರ್ಶನ ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತದ ಒಕನಾಗನ್ ಕಣಿವೆ. ಇದು ಸೇಬು, ಪೀಚ್, ಚೆರಿ ಹಣ್ಣುಗಳ ಸೀಮೆ. ಯುದ್ಧಕಾಲದಲ್ಲಿ ವಾಯುಪಡೆಯ ತರುಣರಿಗೆ ಹಾರಾಟ ಕಲಿಸುತ್ತಿದ್ದ ಕಾರ್ಲ್ ಏಗರ್ ಎಂಬವನು ಬಾರ್ನಿ ಬೆಂಟ್, ಆಲ್ಫ್ ಸ್ಟ್ರಿಂಗರ್ ಎಂಬ ಇಬ್ಬರು ಜೊತೆಗಾರರೊಡನೆ ೧೯೪೭ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಒಂದು ಬೆಲ್ ೪೭ ಹೆಲಿಕಾಪ್ಟರನ್ನು ಕೊಂಡನು. ಕಣಿವೆಯ ತೋಟಗಳಿಗೆ ಸಿಂಪಡಣೆ ಮಾಡಿಕೊಡುವುದೇ ಅವರ ಬಂಡವಾಳದ ಆಧಾರವಾಗಿತ್ತು.

ಲೆಕ್ಕ ಕೂಡಿಬರಲಿಲ್ಲ. ತೋಟಗಳು ಚಿಕ್ಕವು, ಸಿಂಪಡಣೆಯ ಕಾಲ ಅಲ್ಪ, ಗಾಳಿ ಎದ್ದ ದಿನ ಕೆಲಸವಿಲ್ಲ, ನೆಲದ ಮೇಲಿಂದ ಸಿಂಪಡಿಸುವ ಯಂತ್ರಗಳೂ ಸುಧಾರಿಸುತ್ತಿದ್ದವು. ಒಂದು ವರ್ಷದೊಳಗೆ ಏಗರ್ ಬೇರೆ ದಾರಿಯನ್ನು ಹಿಡಿಯಬೇಕಾಯಿತು. ೧೯೪೮ರಲ್ಲಿ ಅವನು ಭೂಮಾಪನ ಇಲಾಖೆಯವರನ್ನು ಪರ್ವತಶಿಖರಗಳಿಗೆ ಮುಟ್ಟಿಸುವ ಕೆಲಸವನ್ನು ಕೈಗೊಂಡನು. ಅಂದಿನ ದುರ್ಬಲ ಯಂತ್ರವನ್ನು ತೆಳುಗಾಳಿಯ ಎತ್ತರದಲ್ಲಿ ಇಳಿಸುವ ವಿಧಾನಗಳನ್ನು ಅಭ್ಯಾಸದಿಂದ ಕಂಡುಕೊಂಡು ಪ್ರಸಿದ್ಧನಾದನು. ‘ಒಕನಾಗನ್ ಹೆಲಿಕಾಪ್ಟರ್ಸ್’ ಎಂಬ ಹೆಸರಿನಿಂದ ಆ ಸಂಸ್ಥೆ ಮುಂದೆ ಜಗತ್ತಿನ ದೊಡ್ಡ ಹೆಲಿಕಾಪ್ಟರು ಸಂಸ್ಥೆಗಳಲ್ಲಿ ಒಂದಾಯಿತು. ಇಲ್ಲಿಯೂ ಹೊಲ ತೊಟ್ಟಿಲಾಯಿತೇ ಹೊರತು ಮನೆಯಾಗಲಿಲ್ಲ.

ಈ ಎರಡು ದೃಷ್ಟಾಂತಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಕೃಷಿಯ ಕೆಲಸಕ್ಕೆ ಯಂತ್ರ ಬೇಕಾಗುವುದು ಕೆಲವೇ ದಿನ. ಆದರೆ ಆ ದಿನಗಳಲ್ಲಿ ಎಲ್ಲರಿಗೂ ಏಕಕಾಲದಲ್ಲಿ ಬೇಕು. ಆದುದರಿಂದ ಯಾವ ತೋಟಗಾರನೂ ಅದನ್ನು ಸ್ವಂತಕ್ಕೆ ಇಟ್ಟುಕೊಳ್ಳಲಾರ. ಒಂದೇ ಯಂತ್ರ ಇಡೀ ಸೀಮೆಗೆ ಸಾಲುವುದೂ ಇಲ್ಲ. ಹಂಗಾಮಿಗೆ ಬಂದು ಹೋಗುವ ಗುತ್ತಿಗೆಯ ವೈಮಾನಿಕನು ಈ ಇಕ್ಕಟ್ಟಿನಿಂದಲೇ ಹುಟ್ಟಿದವನು.

೪

ಈ ಉದ್ಯೋಗದ ಸ್ವರೂಪವನ್ನು ತಿಳಿಯಲು ಚೆರಿ ತೋಟದ ಕೆಲಸವೇ ಅತ್ಯುತ್ತಮ ಸಾಧನ. ಚೆರಿ ಹಣ್ಣು ಮಾಗುವ ಕೊನೆಯ ವಾರಗಳಲ್ಲಿ ಮಳೆ ಬಿದ್ದರೆ, ತೊಟ್ಟಿನ ಬುಡದ ಕುಳಿಯಲ್ಲಿ ನೀರು ನಿಲ್ಲುತ್ತದೆ. ಹಣ್ಣು ಆ ನೀರನ್ನು ಸಿಪ್ಪೆಯ ಮೂಲಕ ಹೀರಿ, ಉಬ್ಬಿ, ಕಡೆಗೆ ಬಿರಿಯುತ್ತದೆ. ಬಿರಿದ ಹಣ್ಣಿಗೆ ಪೇಟೆಯಲ್ಲಿ ಬೆಲೆಯಿಲ್ಲ. ವರ್ಷದ ಫಲವೆಲ್ಲ ಒಂದು ಬೆಳಗಿನಲ್ಲಿ ಹೋಗಬಹುದು. ಇದನ್ನು ತಪ್ಪಿಸಲು ಮಳೆ ನಿಂತೊಡನೆ ಹೆಲಿಕಾಪ್ಟರನ್ನು ಮರಗಳ ನೆತ್ತಿಯ ಮೇಲೆ, ಆಳು ನಡೆಯುವಷ್ಟು ಮೆಲ್ಲಗೆ, ಸಾಲಿನಿಂದ ಸಾಲಿಗೆ ನಡೆಸುತ್ತಾರೆ. ತಿರುಗುವ ರೆಕ್ಕೆಯಿಂದ ಕೆಳಕ್ಕೆ ನುಗ್ಗುವ ಗಾಳಿ ಕೊಂಬೆಗಳನ್ನು ಅಲುಗಿಸಿ ನೀರನ್ನು ಉದುರಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ, ಆರೆಗಾನ್, ವಾಷಿಂಗ್ಟನ್ ಸಂಸ್ಥಾನಗಳಲ್ಲಿಯೂ ಏಗರನ ಒಕನಾಗನ್ ಕಣಿವೆಯಲ್ಲಿಯೂ ಈ ಪದ್ಧತಿ ಬೇರೂರಿದೆ. ದಕ್ಷಿಣ ಗೋಲಾರ್ಧದಲ್ಲಿ ಟಾಸ್ಮೇನಿಯ, ನ್ಯೂಜಿಲೆಂಡುಗಳಲ್ಲಿಯೂ ಉಂಟು.

ಕ್ಯಾಲಿಫೋರ್ನಿಯದಲ್ಲಿ ಮೇ ತಿಂಗಳಲ್ಲಿ ಮಾಗಲು ತೊಡಗುವ ಚೆರಿ, ಉತ್ತರಕ್ಕೆ ಹೋದಂತೆಲ್ಲ ತಡವಾಗುತ್ತ, ಬ್ರಿಟಿಷ್ ಕೊಲಂಬಿಯದಲ್ಲಿ ಜುಲೈ-ಆಗಸ್ಟಿಗೆ ಮುಗಿಯುತ್ತದೆ. ಹಣ್ಣು ಬಿಡಿಸುವ ಕೂಲಿಗಳು ಇದೇ ಕ್ರಮದಲ್ಲಿ ಉತ್ತರಾಭಿಮುಖವಾಗಿ ಸಾಗುತ್ತಾರೆ. ವೈಮಾನಿಕನೂ ಅವರ ಹಿಂದೆಮುಂದೆ ಸಾಗುತ್ತಾನೆ. ಇಬ್ಬರ ಪಂಚಾಂಗವೂ ಒಂದೇ.

ಕೂಲಿಯ ಕ್ರಮ ವಿಶೇಷವಾದುದು. ಮಳೆ ಬಂದ ದಿನ ಎಲ್ಲ ತೋಟಗಳಿಗೂ ಒಮ್ಮೆಲೇ ಯಂತ್ರ ಬೇಕಾದುದರಿಂದ, ತೋಟಗಾರನು ಅದನ್ನು ಮೊದಲೇ ಕರೆಸಿ ತನ್ನ ಹತ್ತಿರ ನಿಲ್ಲಿಸಿಕೊಳ್ಳಬೇಕು. ಅದಕ್ಕಾಗಿ ದಿನಕ್ಕೆ ಇಷ್ಟೆಂದು ಕಾಯುವ ಕೂಲಿಯನ್ನೂ, ಹಾರಿದ ಗಂಟೆಗೆ ಇಷ್ಟೆಂದು ಬೇರೆ ಕೂಲಿಯನ್ನೂ ಕೊಡುತ್ತಾನೆ. ವೈಮಾನಿಕನು ಹಗಲೆಲ್ಲ ತೋಟದ ಅಂಚಿನಲ್ಲಿ ಮೋಡವನ್ನು ನೋಡುತ್ತ ಕುಳಿತಿರಬೇಕು. ಕೆಲವು ವರ್ಷ ವಾರಗಟ್ಟಲೆ ಒಂದು ಹನಿಯೂ ಬೀಳುವುದಿಲ್ಲ. ಬಿದ್ದರೆ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಒಂದು ತೋಟದಿಂದ ಇನ್ನೊಂದಕ್ಕೆ ಹಾರುತ್ತಿರಬೇಕು. ತೋಟಗಾರನು ಮಳೆ ಬಾರದಿರಲೆಂದು ಬೇಡಿಕೊಳ್ಳುವಾಗ, ಅವನ ಅನ್ನ ಉಣ್ಣುತ್ತಿರುವ ವೈಮಾನಿಕನ ಲಾಭ ಮಳೆಯಲ್ಲಿದೆ. ಇಬ್ಬರೂ ಒಂದೇ ಮೋಡವನ್ನು ನೋಡುತ್ತಾರೆ. ನೋಡುವ ಮನಸ್ಸು ಬೇರೆ.

ಇಂಥ ಕೆಲಸಕ್ಕೆ ತರುಣರು ಬರುವುದೇಕೆ? ಹಣಕ್ಕಿಂತ ಹೆಚ್ಚಾಗಿ ಗಂಟೆಗಳಿಗಾಗಿ. ಅಮೆರಿಕದಲ್ಲಿ ಹೆಲಿಕಾಪ್ಟರು ನಡೆಸಿ ಹಣ ಸಂಪಾದಿಸುವ ಪರವಾನಗಿ ಪಡೆಯಲು ಸಾಮಾನ್ಯವಾಗಿ ಕನಿಷ್ಠ ೧೫೦ ಗಂಟೆಗಳ ಹಾರಾಟ ಸಾಕು. ಆದರೆ ಕೆಲಸ ಕೊಡುವವರೂ ವಿಮೆ ಮಾಡುವವರೂ ಅದಕ್ಕೆ ಹಲವು ಮಡಿ ಅನುಭವವನ್ನು ಕೇಳುತ್ತಾರೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಈ ಸುತ್ತಿನಿಂದ ಹೊರಬರುವ ಕೆಲವೇ ಬಾಗಿಲುಗಳಲ್ಲಿ ಚೆರಿ ತೋಟ ಒಂದು. ೧೯೭೯ರಲ್ಲಿ ಪ್ರಮಾಣಪತ್ರ ಪಡೆದ ‘ರಾಬಿನ್ಸನ್ ಆರ್ ೨೨’ ಎಂಬ ಸಣ್ಣ, ಅಗ್ಗದ ಹೆಲಿಕಾಪ್ಟರು ಬಂದಮೇಲೆ ಈ ಬಾಗಿಲಲ್ಲಿ ನೂಕುನುಗ್ಗಲು ಹೆಚ್ಚಿತು.

ಚೆರಿಯ ಕಾಲ ಮುಗಿದಮೇಲೂ ವರ್ಷ ಉಳಿದಿರುತ್ತದೆ. ವಸಂತಾರಂಭದ ಮೋಡವಿಲ್ಲದ ನಿಶ್ಚಲ ರಾತ್ರಿಗಳಲ್ಲಿ ನೆಲ ತಣ್ಣಗಾಗಿ ಹೂವಿಗೆ ಹಿಮ ತಟ್ಟುವ ಭಯವಿರುತ್ತದೆ. ಆಗ ಕೆಲವು ಮಾರು ಮೇಲೆ ನಿಂತಿರುವ ಬೆಚ್ಚನೆಯ ಗಾಳಿಯನ್ನು ಹೆಲಿಕಾಪ್ಟರು ಕೆಳಕ್ಕೆ ತಳ್ಳಿ ಹೂವನ್ನು ಉಳಿಸುತ್ತದೆ. ನವೆಂಬರಿನಲ್ಲಿ ಆರೆಗಾನಿನ ಗುಡ್ಡಗಳಿಂದ ಕ್ರಿಸ್‌ಮಸ್ ಮರಗಳ ಹೊರೆಗಳನ್ನು ಹಗ್ಗಕ್ಕೆ ತೂಗುಹಾಕಿ ಲಾರಿಗಳ ಬಳಿಗೆ ಒಯ್ಯುತ್ತದೆ. ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ದನಗಳನ್ನು ಅಟ್ಟಿ ಒಟ್ಟುಗೂಡಿಸುವ ಕೆಲಸವಿದೆ. ಇವೆಲ್ಲವನ್ನೂ ಒಬ್ಬನೇ ಮಾಡುವುದು ವಿರಳ. ಎರಡು ಮೂರನ್ನು ಹೊಂದಿಸಿಕೊಂಡರೆ ವರ್ಷದ ಜೀವನ ಸಾಗುತ್ತದೆ.

೫

ಈ ಕೆಲಸದ ಅಪಾಯವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಹೆಲಿಕಾಪ್ಟರಿನ ಎಂಜಿನ್ನು ಆಕಾಶದಲ್ಲಿ ಕೆಟ್ಟು ನಿಂತರೂ ಅದು ಕಲ್ಲಿನಂತೆ ಬೀಳಬೇಕಾಗಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ; ಆ ಸುತ್ತಿನಲ್ಲಿ ಸಂಗ್ರಹವಾದ ಶಕ್ತಿಯಿಂದ ನುರಿತವನು ಮೆಲ್ಲಗೆ ನೆಲ ಮುಟ್ಟಬಲ್ಲನು. ಆದರೆ ಇದಕ್ಕೆ ಎತ್ತರವಿರಬೇಕು, ಇಲ್ಲವೆ ಮುಂದಕ್ಕೆ ಸಾಗುವ ವೇಗವಿರಬೇಕು. ಚೆರಿ ಒಣಗಿಸುವವನಿಗೆ ಎರಡೂ ಇಲ್ಲ. ಮರದ ಮೇಲೆ ಕೆಲವೇ ಅಡಿ, ನಡಿಗೆಯ ವೇಗ: ತಯಾರಕರು ತಮ್ಮ ಕೈಪಿಡಿಗಳಲ್ಲಿ ನಕ್ಷೆ ಬರೆದು, ತಪ್ಪಿಸಬೇಕೆಂದು ಸೂಚಿಸುವ ವಲಯದಲ್ಲಿಯೇ ಅವನ ದಿನವೆಲ್ಲ ಕಳೆಯುತ್ತದೆ. ಅದರ ಜೊತೆಗೆ ತೋಟಗಳ ನಡುವಣ ವಿದ್ಯುತ್ ತಂತಿಗಳು. ಬೆಳಗಿನ ಓರೆಬಿಸಿಲಿನಲ್ಲಿ ತಂತಿ ಕಾಣುವುದಿಲ್ಲ. ಎಲ್ಲಿದೆಯೆಂದು ಬಲ್ಲವನು ತೋಟದ ಒಡೆಯ. ಹೊರಗಿನಿಂದ ಬಂದವನಿಗೆ ಹೇಳಿದರಷ್ಟೇ ಗೊತ್ತು. ತಂತಿಗೆ ಸಿಕ್ಕಿ ಆದ ಅಪಘಾತಗಳು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತವೆ. ಅನುಭವ ಗಳಿಸಲು ಬಂದ ತರುಣನನ್ನು, ಅನುಭವ ಅತ್ಯಧಿಕವಾಗಿ ಬೇಕಾದ ಕೆಲಸಕ್ಕೆ ಹಚ್ಚುವುದು ಈ ವ್ಯವಸ್ಥೆಯ ಮೂಲದೋಷವೆಂದು ನಮಗೆ ತೋರುತ್ತದೆ.

೬

ಇದುವರೆಗೆ ವೈಮಾನಿಕನಿಗೆ ಒದಗುವ ಅಪಾಯವನ್ನು ಹೇಳಿದೆವು. ಚೆರಿ ತೋಟದಲ್ಲಿ ಅವನು ಕೆಳಕ್ಕೆ ಕಳುಹಿಸುವುದು ಬರಿಯ ಗಾಳಿಯನ್ನು. ಸಿಂಪಡಣೆಯಲ್ಲಿ ವಿಷವನ್ನು ಕಳುಹಿಸುತ್ತಾನೆ. ಆಗ ಕೆಳಗಿರುವವರ ಪ್ರಶ್ನೆ ಬರುತ್ತದೆ. ಇದಕ್ಕೆ ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ನಮ್ಮ ಗಡಿಯಲ್ಲಿಯೂ ಗಡಿಯ ಒಳಗೂ ಸಾಕಷ್ಟು ಆಧಾರವಿದೆ.

ಭಾರತದಲ್ಲಿ ಹೆಲಿಕಾಪ್ಟರಿನ ಕೃಷಿಕಾರ್ಯಕ್ಕೆ ತೋಟದ ಬೆಳೆಗಳು ಮುಖ್ಯ ಕ್ಷೇತ್ರವಾದವು. ಕೇರಳದ ರಬ್ಬರು ತೋಟಗಳಲ್ಲಿ ಮಳೆಗಾಲದ ಎಲೆಯುದುರುವ ರೋಗವನ್ನು ತಡೆಯಲು, ಮುಂಗಾರಿಗೆ ಮೊದಲು ತಾಮ್ರದ ಔಷಧವನ್ನು ಎಣ್ಣೆಯಲ್ಲಿ ಬೆರೆಸಿ ಮೇಲಿನಿಂದ ಸಿಂಪಡಿಸುವ ಪದ್ಧತಿ ಬಳಕೆಗೆ ಬಂದಿತು. ಕನ್ನಡ, ತುಳು, ಮಲಯಾಳ ಭಾಷೆಗಳು ಕೂಡಿರುವ ಕಾಸರಗೋಡಿನಲ್ಲಿ ಗೇರು ತೋಟಗಳಿಗೆ ಟೀ ಸೊಳ್ಳೆಯ ಕಾಟವಿತ್ತು. ಅದನ್ನು ನಿವಾರಿಸಲು ಕೇರಳ ಸರ್ಕಾರದ ತೋಟಗಾರಿಕಾ ನಿಗಮವು ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿತು. ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿಯೂ ಇದೇ ಕ್ರಮ ನಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಮೊದಲಾದ ಗ್ರಾಮಗಳ ಹೆಸರು ಈ ಸಂಬಂಧದಲ್ಲಿ ನಾಡಿಗೆಲ್ಲ ತಿಳಿದುವು.

ಇಲ್ಲಿ ಯಂತ್ರದ ಗುಣವನ್ನು ಕುರಿತ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ರೆಕ್ಕೆಯ ಗಾಳಿ ಔಷಧವನ್ನು ನೇರವಾಗಿ ಎಲೆಯ ಕೆಳಭಾಗಕ್ಕೂ ಮುಟ್ಟಿಸುತ್ತದೆ, ಆದುದರಿಂದ ಅದು ಬೇರೆಡೆಗೆ ಹಾರದು ಎಂಬುದು ಹೆಲಿಕಾಪ್ಟರಿನ ಪರವಾಗಿ ಮೊದಲಿನಿಂದಲೂ ಹೇಳಿಬಂದ ಮಾತು. ಬಹು ಮೆಲ್ಲಗೆ, ಬಹು ತಗ್ಗಿನಲ್ಲಿ ಹಾರುವಾಗ ಇದರಲ್ಲಿ ಸತ್ಯವಿದೆ. ವೇಗ ಹೆಚ್ಚಿದೊಡನೆ ಆ ಗಾಳಿ ಹಿಂದಕ್ಕೆ ಸರಿದು, ವಿಮಾನದ ರೆಕ್ಕೆಯ ತುದಿಗಳಲ್ಲಿ ಏಳುವಂಥ ಸುಳಿಗಳಾಗಿ ಮಾರ್ಪಡುತ್ತದೆ. ಸಣ್ಣ ಹನಿಗಳನ್ನು ಮೇಲಕ್ಕೆತ್ತಿ ಒಯ್ಯುತ್ತದೆ. ಗಂಟೆಗಿಷ್ಟೆಂದು ಬಾಡಿಗೆ ತೆರುವಲ್ಲಿ ಮೆಲ್ಲಗೆ ಹಾರಲು ಯಾರಿಗೂ ಮನಸ್ಸಿರುವುದಿಲ್ಲ. ಅಲ್ಲದೆ ಕಾಸರಗೋಡು-ಪುತ್ತೂರುಗಳ ಕಡೆಯ ನೆಲ ಬಯಲಲ್ಲ. ಮುರಕಲ್ಲಿನ ಗುಡ್ಡಗಳ ನೆತ್ತಿಯಲ್ಲಿ ಗೇರು ತೋಟ. ಇಳಿಜಾರಿನಲ್ಲಿ ಮನೆ, ತೆರೆದ ಬಾವಿ, ಗುಡ್ಡವನ್ನು ಕೊರೆದು ನೀರು ತರುವ ಸುರಂಗ. ಕಣಿವೆಯಲ್ಲಿ ಅಡಕೆ ತೋಟ, ತೋಡು. ಮೇಲೆ ಬಿದ್ದುದೆಲ್ಲ ಕೆಳಕ್ಕೆ ಹರಿಯಬೇಕಾದ ನೆಲವದು.

ಆ ಗ್ರಾಮಗಳಲ್ಲಿ ಕಂಡುಬಂದ ಅಂಗವೈಕಲ್ಯ, ನರರೋಗ, ಬುದ್ಧಿಮಾಂದ್ಯಗಳ ವಿಷಯವನ್ನು ಅಲ್ಲಿಯ ವೈದ್ಯರೂ ಬರಹಗಾರರೂ ತಾಯಂದಿರೂ ಲೋಕಕ್ಕೆ ತಿಳಿಸಿದರು. ಒಂದೊಂದು ರೋಗಕ್ಕೂ ಇದೊಂದೇ ಕಾರಣವೇ ಎಂಬುದರಲ್ಲಿ ತಜ್ಞರಲ್ಲಿ ವಾದವಿತ್ತು. ವಾದ ನಡೆಯುತ್ತಿದ್ದಂತೆಯೇ ನ್ಯಾಯಾಲಯಗಳು ತಮ್ಮ ನಿರ್ಣಯಕ್ಕೆ ಬಂದವು. ೨೦೧೧ರ ಮೇ ೧೩ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆಯನ್ನೂ ಮಾರಾಟವನ್ನೂ ದೇಶಾದ್ಯಂತ ತಡೆಯಿತು; ೨೦೧೭ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ಕೇರಳ ಸರ್ಕಾರದ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಸಂತ್ರಸ್ತರ ಹೆಸರುಗಳಿವೆ. ದಕ್ಷಿಣ ಕನ್ನಡದವರಿಗೆ ಕರ್ನಾಟಕ ಸರ್ಕಾರ ಮಾಸಾಶನವನ್ನು ಗೊತ್ತುಮಾಡಿತು.

ಈ ಪ್ರಕರಣದಲ್ಲಿ ವೈಮಾನಿಕನ ಸ್ಥಾನವೇನು? ಔಷಧವನ್ನು ಆರಿಸಿದವನು ಅವನಲ್ಲ. ಸಿಂಪಡಿಸಬೇಕೆಂದು ನಿರ್ಣಯಿಸಿದವನೂ ಅಲ್ಲ. ವರ್ಷದಲ್ಲಿ ಕೆಲವೇ ದಿನ ಅವನು ಆ ಗುಡ್ಡಗಳ ಮೇಲೆ ಇರುತ್ತಿದ್ದನು. ಒಂದು ಬಾವಿ ಅವನ ಕಣ್ಣಿಗೆ ಬೀಳುವುದು ಒಂದೆರಡು ಕ್ಷಣ. ಆ ಬಾವಿಯ ನೀರನ್ನು ಸೇದುವವಳು ವರ್ಷವೆಲ್ಲ ಅಲ್ಲಿಯೇ ಇರುವವಳು. ಅವನ ದಾಖಲೆಯ ಪುಸ್ತಕದಲ್ಲಿ ಹಾರಿದ ಗಂಟೆ, ಸಿಂಪಡಿಸಿದ ಎಕರೆ ಇವು ನಮೂದಾಗುತ್ತವೆ. ಕೆಳಗೆ ಹುಟ್ಟಿದ ಮಗುವಿನ ಸಂಗತಿ ಬೇರೊಂದು ಪುಸ್ತಕದಲ್ಲಿ, ಆಸ್ಪತ್ರೆಯ ಪುಸ್ತಕದಲ್ಲಿ ಇರುತ್ತದೆ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡುವ ಹೊಣೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರದೂ ಆಗಿರಲಿಲ್ಲ. ತೋಟದ ಅಧಿಕಾರಿ ವರ್ಗವಾಗಿ ಹೋಗುತ್ತಾನೆ, ಗುತ್ತಿಗೆದಾರ ಲೆಕ್ಕ ತೀರಿಸಿಕೊಳ್ಳುತ್ತಾನೆ, ವೈಮಾನಿಕ ಹಾರಿಹೋಗುತ್ತಾನೆ. ಹಂಗಾಮಿ ಎಂಬ ಮಾತಿಗೆ ನಮ್ಮಲ್ಲಿ ತಾತ್ಕಾಲಿಕವೆಂಬ ಅರ್ಥವಿರುವುದು ಆಕಸ್ಮಿಕವಲ್ಲ.

೭

ಈ ಉದ್ಯೋಗದ ಕಾಲ ಈಗ ಸಂಕುಚಿತವಾಗುತ್ತಿದೆ. ಯೂರೋಪಿನ ಒಕ್ಕೂಟವು ೨೦೦೯ರ ನಿರ್ದೇಶನದಿಂದ ಆಕಾಶದ ಸಿಂಪಡಣೆಯನ್ನು ಸಾಮಾನ್ಯವಾಗಿ ನಿಷೇಧಿಸಿ, ಕಡಿದಾದ ದ್ರಾಕ್ಷಿತೋಟಗಳಂಥ ಕಡೆಗಳಲ್ಲಿ ಮಾತ್ರ ವಿಶೇಷ ಅನುಮತಿಗೆ ಅವಕಾಶವಿಟ್ಟಿತು. ಜಪಾನಿನಲ್ಲಿ ೧೯೮೭ರಿಂದ ಬತ್ತದ ಗದ್ದೆಗಳ ಮೇಲೆ ವೈಮಾನಿಕನಿಲ್ಲದ ಸಣ್ಣ ಹೆಲಿಕಾಪ್ಟರುಗಳು ಹಾರತೊಡಗಿದವು. ನಮ್ಮ ದೇಶದಲ್ಲಿ ೨೦೨೦ರ ಮಿಡತೆ ಹಾವಳಿಯಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹೆಲಿಕಾಪ್ಟರು ಸಿಂಪಡಣೆಗೆ ಹಾರಿತಾದರೂ, ಡ್ರೋನುಗಳೂ ಅದೇ ಕೆಲಸದಲ್ಲಿ ತೊಡಗಿದ್ದವು. ೨೦೨೩ರಲ್ಲಿ ಕೇಂದ್ರ ಸರ್ಕಾರವು ಮಹಿಳಾ ಸ್ವಸಹಾಯ ಸಂಘಗಳಿಗೆ ೧೫,೦೦೦ ಡ್ರೋನುಗಳನ್ನು ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಈ ಬದಲಾವಣೆಯಿಂದ ವೈಮಾನಿಕನ ಪ್ರಾಣಾಪಾಯ ಕಡಮೆಯಾಗುವುದು ನಿರ್ವಿವಾದ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾದ ಪ್ರಶ್ನೆ ಅದೊಂದೇ ಅಲ್ಲ. ಸ್ವಸಹಾಯ ಸಂಘದ ಹೆಣ್ಣುಮಗಳು ತನ್ನೂರಿನ ಹೊಲದ ಬದುವಿನಲ್ಲಿಯೇ ನಿಂತು ಡ್ರೋನನ್ನು ಹಾರಿಸುತ್ತಾಳೆ; ಆ ಊರಿನ ಬಾವಿಯ ನೀರನ್ನೇ ಕುಡಿಯುತ್ತಾಳೆ. ಹಾರಿಸುವವರೂ ಕೆಳಗಿರುವವರೂ ಒಬ್ಬರೇ ಆಗುವ ಸಂಭವ ಈ ಉದ್ಯೋಗದ ನೂರು ವರ್ಷಗಳಲ್ಲಿ ಮೊದಲಬಾರಿಗೆ ಕಂಡಿದೆ. ಹಾಗಾಗದೆ ಡ್ರೋನಿನ ಕೆಲಸವೂ ಊರೂರು ತಿರುಗುವ ಗುತ್ತಿಗೆದಾರನ ಕೈಗೆ ಹೋದರೆ, ಯಂತ್ರ ಚಿಕ್ಕದಾದುದನ್ನು ಬಿಟ್ಟು ಬೇರೇನೂ ಬದಲಾದಂತಾಗದು.

ಒಕನಾಗನ್ ಕಣಿವೆಯಲ್ಲಿ ಬೆಳೆ ಉಳಿಸಿದ ವೈಮಾನಿಕನನ್ನೂ ಕಾಸರಗೋಡಿನ ಗುಡ್ಡದ ಮೇಲೆ ವಿಷ ಸುರಿದ ವೈಮಾನಿಕನನ್ನೂ ಒಂದೇ ವ್ಯವಸ್ಥೆ ಹುಟ್ಟಿಸಿತೆಂಬುದನ್ನು ಮೇಲೆ ತೋರಿಸಲು ಯತ್ನಿಸಿದ್ದೇವೆ. ನಮ್ಮ ಕಾಲೇಜುಗಳಲ್ಲಿ ಆಧುನಿಕ ಕೃಷಿಯ ಚರಿತ್ರೆಯನ್ನು ಬೋಧಿಸುವಾಗ ಇಳುವರಿಯ ಅಂಕಿಗಳ ಜೊತೆಗೆ, ಕೆಲಸ ಮಾಡಿದವನು ಎಲ್ಲಿಂದ ಬಂದನು, ಎಷ್ಟು ದಿನ ಇದ್ದನು, ಅವನು ಹೋದಮೇಲೆ ಉಳಿದವರು ಯಾರು ಎಂಬ ಪ್ರಶ್ನೆಗಳನ್ನೂ ಕೇಳುವ ರೂಢಿ ಬೆಳೆಯಬೇಕು. ದಕ್ಷಿಣ ಕನ್ನಡದ ಆ ಗ್ರಾಮಗಳ ಹಿರಿಯರು ಇನ್ನೂ ನಮ್ಮೊಡನಿದ್ದಾರೆ. ಹೆಲಿಕಾಪ್ಟರು ಬಂದ ದಿನಗಳ ನೆನಪೂ ಅವರಲ್ಲಿದೆ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ತಡಮಾಡದೆ ಹೊರಡಲಿ ಎಂಬುದು ನಮ್ಮ ಕೋರಿಕೆ.